ಇಪ್ಪತ್ತೆರಡನೇ ಪ್ಲಾಟಿನ ಗಟಾರ

ಪ್ರೀತಿಸಿದವನ ಮೇಲೆ ಸಿಟ್ಟು ಬಂದರೆ ಎರಡು ದಿನಕ್ಕೆ ಆರುತ್ತದೆ. ಹೇಸಿಗೆ ಬಂದರೆ? ಅದಕ್ಕೆ ಮದ್ದಿಲ್ಲವೆಂದು ರಂಜನಾಗೆ ಆ ಮಂಗಳವಾರ ಗೊತ್ತಾಯಿತು.

ಬೈಲಹೊಂಗಲದಿಂದ ಮುರಗೋಡಕ್ಕೆ ಹೋಗುವ ರಸ್ತೆಯ ಪಕ್ಕ ನಿಜಗುಣಪ್ಪ ಸಾವ್ಕಾರರ ಆರು ಎಕರೆ ಎರೆಹೊಲ ಲೇಔಟ್ ಆಗುವುದಿತ್ತು. ನಕಾಶೆ ಬರೆದವನು ಸಿದ್ದರಾಮ. ಮಂಜೂರಾತಿಗೆ ಮೊದಲು ಜಾಗ ನೋಡಿ ಸಹಿ ಹಾಕಬೇಕಾದ ಸರ್ಕಾರಿ ಇಂಜಿನಿಯರ್ ರಂಜನಾ. ಇಬ್ಬರೂ ಡಿಪ್ಲೊಮಾದಲ್ಲಿ ಒಂದೇ ಕ್ಲಾಸಿನವರು, ಮೂರು ವರ್ಷದಿಂದ ಒಬ್ಬರ ಮೇಲೊಬ್ಬರು ಜೀವ ಇಟ್ಟವರು.

ಹಿಂದಿನ ದಿನ ಮಳೆ ಜಡಿದಿತ್ತು. ಆಕೆ ಸ್ಕೂಟಿ ನಿಲ್ಲಿಸುತ್ತಿದ್ದಂತೆ ಸಿದ್ದರಾಮ ಎದುರು ಬಂದ.

“ಬರ್ರಿ ಮೇಡಮ್ಮಾರ. ಚಪ್ಪಲಿ ಕೈಯಾಗ ಹಿಡ್ಕೋರಿ. ನಮ್ಮ ಎರಿ ಮಣ್ಣು ಒಮ್ಮೆ ಹಿಡಿದ್ರ ಬಿಡೂದಿಲ್ಲ.”

“ಮಣ್ಣಿನ ಮಾತ ಹೇಳಾಕ ಹತ್ತೀಯೋ, ನಿಂದೋ?”

ಅವನು ಕೆಸರು ಮೆತ್ತಿದ ಆಕೆಯ ಕಾಲು ನೋಡಿದ, ಆಮೇಲೆ ಮೆಲ್ಲಗೆ ಕಣ್ಣೆತ್ತಿ ಮುಖ ನೋಡಿದ. ರಂಜನಾ ಫೈಲನ್ನು ಎದೆಗೆ ಒತ್ತಿಕೊಂಡಳು. ಡ್ಯೂಟಿಯ ಹೊತ್ತಿನಲ್ಲಿ ಹೀಗೆಲ್ಲ ನೋಡಬ್ಯಾಡ ಎಂದು ಬೈಯಬೇಕೆನಿಸಿತು, ಬೈಯಲಿಲ್ಲ.

ಅವನು ಮೂಲೆಯ ಜಾಗ ತೋರಿಸಿದ. “ಇಪ್ಪತ್ತೆರಡನೇ ಪ್ಲಾಟ್. ನಕಾಶಿ ಬರದದ್ದಕ್ಕ ಸಾವ್ಕಾರ್ರು ನನಗ ಕೊಡತೇನಿ ಅಂದಾರ. ನಮ್ಮ ಮನಿ ಇಲ್ಲೇ. ಮೂಡಲಕ್ಕ ನಿನ್ನ ಅಡಗಿಮನಿ ಕಿಡಕಿ.”

“ಅಡಗಿ ನೀ ಮಾಡು. ನಾ ಕಿಡಕ್ಯಾಗ ಕುಂತು ನೋಡತೇನಿ.”

ಅವನು ಆಕೆಯ ಕೈ ಹಿಡಿದ, ಇಬ್ಬರೂ ನಗುತ್ತ ಇಳಿಜಾರಿನ ಕಡೆ ನಡೆದರು. ಗಬ್ಬು ನಾತ ಮೂಗಿಗೆ ಬಡಿಯಿತು. ಕೆಳಗಿನ ಓಣಿಯ ಸೋಮವ್ವನ ಅಂಗಳದಲ್ಲಿ ಮೊಣಕಾಲುದ್ದ ಹೊಲಸು ನೀರು. ಅದರೊಳಗೆ ಸತ್ತ ಹೆಗ್ಗಣ, ಕೊಳೆತ ಜೋಳದ ಕಣಿಕಿ. ಮುದುಕಿ ಸೀರೆ ಎತ್ತಿ ಕಟ್ಟಿ ಡಬ್ಬಿಯಿಂದ ಮೊಗೆದು ಚೆಲ್ಲುತ್ತಿದ್ದಳು.

“ಹೊಲ ಇದ್ದಾಗ ಹಿಂಗ ಇರಲಿಲ್ಲವ್ವ,” ಅಂದಳು. “ಒಡ್ಡಿನಾಗ ನೀರು ಹಾಯಾಕ ಕಲ್ಲಿನ ಗುಂಡಾವರ್ತಿ ಇತ್ತು. ಎಂಥಾ ಮಳಿ ಬಂದ್ರೂ ನೀರು ಆ ಕಲ್ಲಿನ ಮ್ಯಾಲಿಂದ ಇಳದು ಹಳ್ಳಕ್ಕ ಹೋಗತಿತ್ತು. ಇವ್ರು ಒಡ್ಡು ಸಪಾಟ ಮಾಡಿದ್ರು. ಕಲ್ಲು ಕಿತ್ತು ಬಾಗಲಾ ಕಟ್ಯಾರ, ನೋಡಲ್ಲಿ.”

ಲೇಔಟಿನ ಹೆಬ್ಬಾಗಿಲ ಅಂದದ ಕಮಾನು ಅದೇ ಕಲ್ಲಿನದು. ರಂಜನಾ ನಕಾಶೆ ಬಿಚ್ಚಿದಳು. ಮಳೆನೀರಿನ ದಾರಿಯ ಕೊನೆಗೆ ‘ಈಗಿರುವ ನಾಲೆ’ ಎಂದು ಸಿದ್ದರಾಮನ ದುಂಡನೆಯ ಅಕ್ಷರ. ಹುಡುಕಿದರೆ ಸಿಕ್ಕಿದ್ದು ಸೋಮವ್ವನ ಬಚ್ಚಲ ಗಟಾರ, ಒಂದು ಗೇಣಗಲ.

“ಒಕ್ಕಲತನದ ಮನ್ಯಾಗ ಹುಟ್ಟಿದಾಂವ ನೀ. ಗುಂಡಾವರ್ತಿ ಯಾಕ ಇರತೈತಿ ಗೊತ್ತಿರಲಿಲ್ಲೇನು?”

“ಗೊತ್ತಿತ್ತು.” ಅವನು ತಲೆ ತಗ್ಗಿಸಿದ. “ಹಳ್ಳಕ್ಕ ಗಟಾರ ಒಯ್ದ್ರ ನಾಲ್ಕು ಪ್ಲಾಟ್ ಹೋಗತಾವು. ಅದರಾಗ ನಮ್ದೂ ಒಂದು. ನಿನ್ನ ಸಲುವಾಗಿ ಮಾಡೇನಿ, ರಂಜನಾ.”

“ಥೂ! ನನ್ನ ಹೆಸರಲೆ ಆ ಮುದುಕಿ ಮನಿಗೆ ಹೊಲಸ ಬಿಟ್ಟೀಯೇನು? ನಿನ್ನ ಮಾರಿ ನೋಡಿದ್ರ ವಾಕರಿಕಿ ಬರತೈತಿ.”

ಬರೀ ಬಾಯಿಮಾತಲ್ಲ ಅದು. ಫೈಲು ತಿರಸ್ಕರಿಸಿ ಮನೆಗೆ ಹೋದವಳು ರೊಟ್ಟಿಯ ತಾಟು ದೂರ ಸರಿಸಿದಳು. ಅವನು ಹಿಡಿದಿದ್ದ ಕೈಯನ್ನು ಸೋಪು ಹಚ್ಚಿ ಎರಡು ಸಲ ತೊಳೆದಳು. ಎಂಟು ದಿನ ಅವನ ಫೋನ್ ಎತ್ತಲಿಲ್ಲ. ಫೋನ್ ಬಾರದ ದಿನ ಅದನ್ನೇ ತಿರುಗಿ ತಿರುಗಿ ನೋಡುವ ತನ್ನ ಕಣ್ಣುಗಳ ಮೇಲೂ ಹೇಸಿಗೆ ಬಂತು. ಇಂಥವನು ಯಾಕಾದರೂ ಬೇಕು ಈ ಹಾಳು ಮನಸ್ಸಿಗೆ!

ಒಂಬತ್ತನೇ ದಿನ ಸಿದ್ದರಾಮ ಆಫೀಸಿಗೇ ಬಂದ. ಕ್ಲರ್ಕ್ ಉಮಾಶ್ರೀ ಮೂಗಿಗೆ ಸೆರಗು ಹಿಡಿದು ಹೊರಗೆ ಹೋದಳು.

“ನಾರಾಕ ಹತ್ತಿ,” ಅಂದಳು ರಂಜನಾ.

“ಸೋಮವ್ವನ ಅಂಗಳದಿಂದ ಬಂದೇನಿ. ಮೂರ ದಿನ ಆತು, ಹಳ್ಳದ ತನಕ ಕಾಲುವಿ ತೋಡೇನಿ. ಸದ್ಯಕ್ಕ ನೀರು ಇಳದೈತಿ.” ಹೊಸ ನಕಾಶೆ ಹಾಸಿದ. ನಾಲ್ಕಡಿ ಅಗಲದ ಗಟಾರ ನಾಲ್ಕು ಪ್ಲಾಟು ಸೀಳಿಕೊಂಡು ಹಳ್ಳ ಸೇರಿತ್ತು. ಇಪ್ಪತ್ತೆರಡನೆಯದು ನಟ್ಟನಡುವೆ.

“ಸಾವ್ಕಾರ್ರು ಒಪ್ಪಿದ್ರ?”

“ಬಾಯಿಗೆ ಬಂದಂಗ ಬೈದ್ರು. ನಿನ್ನ ಸಹಿ ಇಲ್ಲದ ಒಂದೂ ಪ್ಲಾಟ್ ಮಾರಾಕ ಬರೂದಿಲ್ಲಲ್ಲ, ಕಡೀಕ ಒಪ್ಪಿದ್ರು. ನನಗ ಬ್ಯಾರೆ ಪ್ಲಾಟ್ ಇಲ್ಲಂತ.”

ರಂಜನಾ ಬಗ್ಗಿ ಒಂದೊಂದೇ ಅಳತೆ ತಾಳೆ ನೋಡಿದಳು. ಎಲ್ಲೂ ಸುಳ್ಳಿರಲಿಲ್ಲ. ಅವನ ಅಂಗೈಯಲ್ಲಿ ಬೊಬ್ಬೆಗಳು ಒಡೆದಿದ್ದವು. ಮುಟ್ಟಬೇಕೆನಿಸಿತು, ನಾತಕ್ಕೆ ಮೂಗು ಮುಚ್ಚಿಕೊಂಡಳು.

“ಹೇಸಿಗಿ ಹೋತೇನು?” ಮೆಲ್ಲಗೆ ಕೇಳಿದ.

“ಐತಿ. ಅಷ್ಟ ಲಗೂ ಹೋಗೂದಿಲ್ಲ. ಮದುವಿ ಆದ ಮ್ಯಾಲೂ ನಿನ್ನ ನಕಾಶಿ ಎಲ್ಲಾ ಮೊದ್ಲ ನಾ ನೋಡಾಕಿ.”

“ಏನಂದಿ? ಮದುವಿ...”

“ನೀ ಎಷ್ಟು ಹೊಲಸ ಇದ್ದಿ ಅಂತ ಕಣ್ಣಾರೆ ನೋಡೇನಿ. ಆದ್ರೂ ನೀನ ಬೇಕು, ಏನ ಮಾಡ್ಲಿ?” ಸಹಿ ಹಾಕಿ ನಕಾಶೆ ಮಡಚಿದಳು. ಆಕೆಯ ಕಣ್ಣು ತುಂಬಿತ್ತು, ಮೂಗು ಮುಚ್ಚಿಕೊಂಡೇ ಇದ್ದಳು. “ಮೊದ್ಲ ಹೋಗಿ ಜಳಕಾ ಮಾಡು. ಸಂಜಿಗೆ ಮನಿಗೆ ಬಾ. ಅಪ್ಪ ಇರತಾನ.”