ಪಕ್ಕದ ಮನೆಯಲ್ಲಿ ಯಾರೂ ಇಲ್ಲ

ಎರಡು ವರ್ಷದ ಮೇಲೆ ಡೆಸ್ಮಂಡ್ ಟಾಲಿವರ್ ನಮ್ಮ ಬೀದಿಗೆ ಬಂದಾಗ ಅವನ ಕೊರಳಲ್ಲಿ ನಗರಸಭೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಸಾಲ ತೀರಿಸಲಿಲ್ಲವೆಂದು ಬ್ಯಾಂಕು ನನ್ನ ಪಕ್ಕದ ಅವನ ಮನೆಯನ್ನು ಕಿತ್ತುಕೊಂಡ ವಾರ ನನಗೊಂದು ಮಾತೂ ಹೇಳದೆ ಕಳ್ಳನ ಹಾಗೆ ಹೊರಟುಹೋದವನು, ಈಗ ಅದೇ ಮನೆಯನ್ನು ಪರೀಕ್ಷಿಸಲು ಬಂದಿದ್ದ. ಎಂಥ ಭಂಡತನ!

ಕ್ಲೀವ್‌ಲ್ಯಾಂಡಿನ ಈ ಬೀದಿಯ ಇಪ್ಪತ್ತಮೂರು ಮನೆಗಳಲ್ಲಿ ಹನ್ನೊಂದನ್ನು ಬ್ಯಾಂಕುಗಳು ನುಂಗಿದ ಮೇಲೆ ವಾಷಿಂಗ್ಟನ್ನಿನವರಿಗೆ ಎಚ್ಚರವಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅಂಥ ಮನೆಗಳನ್ನು ನಗರಸಭೆ ಕೊಂಡು, ರಿಪೇರಿ ಮಾಡಿ, ಹೊಸ ಸಂಸಾರಗಳಿಗೆ ಮಾರಲು ಸರ್ಕಾರದ ಹಣ ಬಂತು. ಷರತ್ತು ಒಂದೇ, ಮನೆ ಖಾಲಿ ಇರಬೇಕು. ಖಾಲಿ ಮನೆ ಖಾಲಿ ಎಂದು ತಿಳಿಯಲು ಆ ಮಹಾನುಭಾವರಿಗೆ ಮೂರು ಫಾರಂ ಬೇಕು.

ನಗರಸಭೆ ಕೊಳ್ಳುವ ಮನೆಗಳ ಪಟ್ಟಿಯಿಂದ ಡೆಸ್ಮಂಡನ ಮನೆ ಬಿಟ್ಟುಹೋಗಿತ್ತು, ತಪ್ಪು ನನ್ನದೇ. ಖಾಲಿ ಎಂದು ಗೊತ್ತಾದರೆ ಕಳ್ಳರು ಗೋಡೆ ಒಡೆದು ತಾಮ್ರದ ಪೈಪು ಕೀಳುತ್ತಾರೆ. ಅದಕ್ಕೇ ಇಲ್ಲಿ ಎಲ್ಲರೂ ಪಕ್ಕದ ಖಾಲಿ ಮನೆಯ ಹುಲ್ಲು ಕತ್ತರಿಸುತ್ತಾರೆ, ಅದರ ಮುಂದೆ ತಮ್ಮ ಕಾರು ನಿಲ್ಲಿಸುತ್ತಾರೆ. ನಾನು ಸ್ವಲ್ಪ ಅತಿ ಮಾಡಿದೆ. ಕಿಟಕಿಗೆ ಹಳದಿ ಪರದೆ, ಜಗಲಿಗೆ ನನ್ನ ಬೆಂಚು, ಮೆಟ್ಟಿಲ ಪಕ್ಕ ಟೊಮ್ಯಾಟೊ ಗಿಡ. ಮೊದಲು ಬಂದ ಅಧಿಕಾರಿ ಕಾರಿನಿಂದ ಇಳಿಯುವ ಕಷ್ಟ ತೆಗೆದುಕೊಳ್ಳದೆ, ಜನ ವಾಸವಿದ್ದಾರೆ ಎಂದು ಬರೆದು ಹೋದ. ಅಂದಿನಿಂದ ಎದುರುಮನೆಯ ಮಿಸೆಸ್ ಗ್ಯಾಡಿ ನನ್ನನ್ನು ದೆವ್ವದ ಹೆಂಡತಿ ಎಂದು ಹಂಗಿಸುತ್ತಾಳೆ. ಇವತ್ತು ಮರುಪರೀಕ್ಷೆ. ಇವತ್ತೂ ಪಟ್ಟಿ ಸೇರದಿದ್ದರೆ, ಯಾರಿಗೂ ಬೇಡದ ಮನೆಯೆಂದು ಚಳಿಗಾಲಕ್ಕೆ ಮುಂಚೆ ಕೆಡವಲು ಬುಲ್ಡೋಜರ್.

ಡೆಸ್ಮಂಡ್ ಟೊಮ್ಯಾಟೊ ನೋಡಿದ, ಪರದೆ ನೋಡಿದ, ಬೆಂಚಿನ ಮೇಲೆ ಕಣ್ಣಿಟ್ಟು ನಿಂತ.

"ಇಬ್ಬರು ಕೂರೋ ಬೆಂಚು ಯಾಕೆ, ವೆರ್ನಾ?"

"ಕಳ್ಳರಿಗೆ ಒಬ್ಬನೇ ಇದಾನೆ ಅನ್ನಿಸಬಾರದಲ್ಲ."

ಅವನ ತುಟಿಯ ಎಡತುದಿ ಮಾತ್ರ ನಕ್ಕಿತು. ಆ ಅರ್ಧ ನಗು ಕಂಡರೆ ನನಗೆ ಮೈ ಉರಿಯುತ್ತದೆ. ಎರಡು ವರ್ಷವಾದರೂ ಮರೆತಿರಲಿಲ್ಲ, ಅದಕ್ಕೆ ಇನ್ನಷ್ಟು ಉರಿಯಿತು.

ಹೇಳದೆ ಹೋದದ್ದೇಕೆ ಎಂದು ಕೇಳಿದೆ. ಅವನು ಷೂ ನೋಡಿಕೊಂಡ. "ನಾಚಿಕೆ ಆಯ್ತು ಕಣೆ. ನಿನ್ನ ಕಿಟಕಿ ಮುಂದೆ ಸಾಮಾನು ಹೊರೋಕೆ ಆಗ್ಲಿಲ್ಲ."

"ಕೇಳಿದ್ರೆ ಸೋಫಾದ ಇನ್ನೊಂದು ತುದಿ ನಾನೇ ಹಿಡೀತಿದ್ದೆ, ಪೆದ್ದ."

ಅವನು ಫಾರಂ ಚಾಚಿದ. ಪಕ್ಕದ ಮನೆಯಲ್ಲಿ ಯಾರೂ ಇಲ್ಲ ಎಂದು ನೆರೆಯವರು ಬರೆದು ಸಹಿ ಮಾಡಬೇಕಂತೆ. ಪೆನ್ನು ಹಿಡಿದೆ, ಕೈ ಮುಂದೆ ಹೋಗಲಿಲ್ಲ. ಎರಡು ಬೇಸಿಗೆ ನಾನು ಕಾದದ್ದು ಪೈಪನ್ನಲ್ಲ, ಈ ಹೇಡಿಯನ್ನು. ಯಾರೂ ಇಲ್ಲ ಎಂದು ಬರೆದರೆ ಅವನು ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಕಣ್ಣು ತುಂಬಿತು. ಬರೆದೆ. ಸಹಿಯನ್ನೂ ಹಾಕಿದೆ.

ಈಗ ಎಲ್ಲಿದ್ದೀಯ ಎಂದೆ. ಲಾಂಡ್ರಿ ಅಂಗಡಿಯ ಮೇಲೊಂದು ಬಾಡಿಗೆ ರೂಮು ಎಂದ.

"ಇನ್ನೊಂದು ಫಾರಂ ಕೊಡು. ಆ ರೂಮೂ ಖಾಲಿ ಅಂತ ಬರ್ಕೊಡ್ತೀನಿ."

ಅವನು ನನ್ನ ಮುಖವನ್ನೇ ನೋಡಿದ. "ಯಾವತ್ತಿಂದ?"

"ಈ ಬೆಂಚು ನಮ್ಮನೆ ಜಗಲಿಗೆ ಬಂದ ದಿನದಿಂದ."

ಅವನು ಗುರುತಿನ ಚೀಟಿ ತೆಗೆದು ಜೇಬಿಗಿಟ್ಟ. ಬೆಂಚಿನ ಒಂದು ತುದಿ ಎತ್ತಿ ಕಾಯುತ್ತ ನಿಂತ. ನಗರಸಭೆಯವನಲ್ಲವೇ, ಮುಖ ಮಾಡಿದ್ದು ತಪ್ಪು ದಿಕ್ಕಿಗೆ, ನಮ್ಮನೆಗೆ ಬೆನ್ನು ಹಾಕಿ. ನಾನು ಇನ್ನೊಂದು ತುದಿ ಹಿಡಿದೆ.