ಹೊಗೆ ನಿಲ್ಲುವ ತನಕ ಎಣಿಸಿ

"ಅಲಗು ಬೆಂಕಿಯಿಂದ ಹೊರಗೆ ಬಂದಾಗಿನಿಂದ ಎಣ್ಣೆಯ ಹೊಗೆ ನಿಲ್ಲೋ ತನಕ ಒಂದು, ಎರಡು ಅಂತ ಎಣಿಸ್ತಾ ಇರಬೇಕು. ಬಾಯಲ್ಲೂ ಎಣಿಕೆ, ಮನಸ್ಸಲ್ಲೂ ಎಣಿಕೆ. ಅಷ್ಟು ಹೊತ್ತು ಯಾರ ಹೆಸರೂ ಬರಬಾರದು," ಎಂದ ಮುದಿ ಕಮ್ಮಾರ.

ಹಲ್ಲಿನ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿ ಆಡಿದ್ದು ಕಬ್ಬಿಣಕ್ಕೆ ಕೇಳಿಸುತ್ತದೆ ಅಂತಲೇ ಇಟ್ಟುಕೊಳ್ಳೋಣ, ಮನಸ್ಸಿನೊಳಗಿನದು ಅದಕ್ಕೆ ಹೇಗೆ ಕಾಣುತ್ತದೆ, ಎಕ್ಸ್‌ರೇ ಮಿಷನ್ ಏನಾದರೂ ಇಟ್ಟಿದ್ದೀರಾ ಎಂದು ಕೇಳಿದರು. ಜೊತೆಗೆ ಬಂದಿದ್ದ ಇಬ್ಬರು ಗೆಳೆಯರಲ್ಲಿ ಬೇಕರಿಯವನು ಹೊಟ್ಟೆ ಕುಲುಕಿಸಿ ನಕ್ಕ. ಟೈಲರ್ ನಗಲಿಲ್ಲ. ಕಮ್ಮಾರನ ಪರಿಚಯ ಇದ್ದದ್ದು ಅವನಿಗೇ. ಶನಿವಾರ ಭಾನುವಾರ ಎರಡು ದಿನ ಕೂತು ನಮ್ಮ ನಮ್ಮ ಚಾಕು ನಾವೇ ಮಾಡಿಕೊಳ್ಳೋಣ ಎಂದು ಇಬ್ಬರನ್ನೂ ಹೊರಡಿಸಿದವನೂ ಅವನೇ.

ಮೂವರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಟೈಲರಿಗೆ ಚರ್ಮ ಕತ್ತರಿಸುವ ಚಾಕು ಬೇಕಿತ್ತು, ಬೇಕರಿಯವನಿಗೆ ಬ್ರೆಡ್ಡಿನದು. ಡಾಕ್ಟರು ಬಂದದ್ದು ಮಗಳಿಗಾಗಿ. ಇರುವ ಒಬ್ಬಳೇ ಮಗಳು ಪುಟ್ಟಿ, ಅಡುಗೆ ಕಲಿಸುವ ಕಾಲೇಜು ಸೇರಲು ಸೋಮವಾರ ದೂರದ ಊರಿಗೆ ಹೊರಟಿದ್ದಳು. ಅಪ್ಪನ ಕೈಯಾರೆ ಮಾಡಿದ ಚಾಕು ಅವಳ ಪೆಟ್ಟಿಗೆಯಲ್ಲಿರಲಿ ಎಂಬುದು ಅವರ ಆಸೆ. ಯಾರ ಮಾತಿಗೂ ಸೊಪ್ಪು ಹಾಕದ ಮನುಷ್ಯ ಮಗಳ ಮುಂದೆ ಮಾತ್ರ ಬೆಣ್ಣೆಯಾಗಿಬಿಡುತ್ತಿದ್ದರು.

ಕಮ್ಮಾರಸಾಲೆಯ ಕಿಟಕಿಗಳಿಗೆಲ್ಲ ಗೋಣಿತಟ್ಟು ಹೊಡೆದಿತ್ತು. ಕಾದ ಕಬ್ಬಿಣದ ಬಣ್ಣ ಸರಿಯಾಗಿ ತಿಳಿಯುವುದು ಕತ್ತಲೆಯಲ್ಲೇ, ಹಾಗಾಗಿ ನಡುಹಗಲಿನಲ್ಲೂ ಒಳಗೆ ಕತ್ತಲೆ. ಇದ್ದಿಲು, ಬೆವರು, ಕಮಟೆದ್ದ ಎಣ್ಣೆ, ಮೂರರ ವಾಸನೆಯೂ ಬೆರೆತು ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಹಿಂದಿನ ಗೋಡೆಯಲ್ಲಿ ಹನ್ನೊಂದು ಮೊಳೆ, ಮೊಳೆಗೊಂದು ಅಲಗು. ಯಾವುದಕ್ಕೂ ಹಿಡಿಯಿಲ್ಲ, ಯಾವುದೂ ಸಾಣೆ ಕಂಡಿಲ್ಲ. ಬೆಳಿಗ್ಗೆ ಕೆಲಸ ಶುರುಮಾಡುವ ಮುಂಚೆ ಕಮ್ಮಾರ ಒಂದೊಂದನ್ನೂ ಇಳಿಸಿ, ಎಳೆಕೂಸಿಗೆ ಹಚ್ಚುವ ಹಾಗೆ ಎಣ್ಣೆ ಸವರಿ, ಮತ್ತೆ ತೂಗುಹಾಕಿದ್ದನ್ನು ಮೂವರೂ ನೋಡಿದ್ದರು.

ಮೂಲೆಯಲ್ಲೊಂದು ಕಲ್ಲಿನ ತೊಟ್ಟಿ, ಅದರ ತುಂಬ ಕರಿ ಎಣ್ಣೆ. ಕಮ್ಮಾರನ ಅಜ್ಜ ಯಾರದೋ ದ್ವೇಷಕ್ಕೆ ಒಪ್ಪಿ ಆ ತೊಟ್ಟಿಗೆ ಮಾಟ ಮಾಡಿಸಿದ್ದನಂತೆ. ಶತ್ರುವಿನ ಹೆಸರು ಹೇಳಿ ಕೆಂಪಗೆ ಕಾದ ಅಲಗನ್ನು ಅದ್ದಿದ್ದು, ಆಮೇಲೆ ಅದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಮುರಿದದ್ದು, ಎಲ್ಲ ನಡೆದದ್ದು ಒಂದೇ ಸಲ. ತೊಟ್ಟಿ ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಅದ್ದುವಾಗ ಯಾರ ಹೆಸರು ಬಂದರೆ ಅವರ ಮೈ ಅಲಗಿಗೆ ಕಟ್ಟಿಬೀಳುತ್ತದೆ, ಅಲಗಿಗೆ ಆದದ್ದು ಅವರಿಗೂ ಆಗುತ್ತದೆ. ಬೇರೆ ಎಣ್ಣೆಗೆ ಅದ್ದಿದರೆ ಈ ಕುಲುಮೆಯ ಕಬ್ಬಿಣ ಹದ ಹಿಡಿಯುವುದಿಲ್ಲ. ತೊಟ್ಟಿಯನ್ನೇ ಒಡೆದು ಹಾಕೋಣ ಎಂದರೆ ಹೀಗೆ ಹೆಸರು ಬಾಯಿತಪ್ಪಿ ಬಂದು ಗೋಡೆ ಸೇರಿದ ಹನ್ನೊಂದು ಜನರ ಗತಿ ಏನೋ ಗೊತ್ತಿಲ್ಲ ಎಂದು ಕಮ್ಮಾರ ಹೇಳಿದ.

"ಹನ್ನೊಂದು ಅಲಗು," ಎಂದು ಡಾಕ್ಟರು ತಿದ್ದಿದರು.

"ಹನ್ನೊಂದು ಜನ," ಎಂದ ಕಮ್ಮಾರ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆ ಹೊಡೆದು ಹೊಡೆದು ಮೂವರ ಅಂಗೈಯಲ್ಲೂ ಬೊಬ್ಬೆ ಎದ್ದಿತ್ತು. ಮೊದಲು ಟೈಲರ್ ಎಣಿಸುತ್ತಲೇ ತನ್ನ ಅಲಗನ್ನು ಅದ್ದಿ, ಕಣ್ಣು ಮುಚ್ಚಿಕೊಂಡು, ಹೊಗೆ ನಿಲ್ಲುವ ತನಕ ನಲವತ್ತು ಎಣಿಸಿದ. ಬೇಕರಿಯವನು ನಡುವೆ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಹಿಡಿದು, ಹೇಗೋ ಮುಗಿಸಿದ. ಡಾಕ್ಟರು ಇಕ್ಕಳದಲ್ಲಿ ಅಲಗು ಎತ್ತಿದರು. ಅದು ಮಾಗಿದ ಹಣ್ಣಿನ ಬಣ್ಣಕ್ಕೆ ಬಂದಿತ್ತು. ಕಮ್ಮಾರನ ಕಡೆ ಬೇಕೆಂದೇ ತಿರುಗಿ, ನಗುತ್ತ, ಗಟ್ಟಿಯಾಗಿ, "ಇದು ನಮ್ಮ ಪುಟ್ಟಿಗೆ," ಎಂದು ಎಣ್ಣೆಗೆ ಇಳಿಸಿದರು.

ಎಣ್ಣೆ ಭುಸ್ಸೆಂದಿತು. ಕಮ್ಮಾರ ಬೈಯಲಿಲ್ಲ. ಹೊಗೆ ನಿಂತ ಮೇಲೆ ಅಲಗನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟ. ಇದನ್ನು ಸಾಣೆಗೆ ಕೊಡಬೇಡಿ, ಇಲ್ಲೇ ಬಿಟ್ಟುಹೋಗಿ ಎಂದಷ್ಟೇ ಹೇಳಿದ. ಡಾಕ್ಟರಿಗೆ ರೇಗಿತು. ದಿನವಿಡೀ ಬೆವರು ಸುರಿಸಿದ್ದು ಗೋಡೆಗೆ ತೂಗುಹಾಕುವುದಕ್ಕೋ?

ಭಾನುವಾರ ಬೆಳಿಗ್ಗೆ ಕಮ್ಮಾರ ಇದ್ದಿಲು ತರಲು ಹಿತ್ತಲಿಗೆ ಹೋದಾಗ ಡಾಕ್ಟರು ಬಟ್ಟೆ ಬಿಚ್ಚಿ, ಸಾಣೆಯ ಸ್ವಿಚ್ಚು ಒತ್ತಿ, ಅಲಗಿನ ಒಂದು ಬದಿಯನ್ನು ಉದ್ದಕ್ಕೂ ಹಿಡಿದರು. ಕಿಡಿಗಳು ಎದೆಯ ತನಕ ಹಾರಿದವು. ಅರ್ಧ ನಿಮಿಷವೂ ಆಗಿರಲಿಲ್ಲ, ಜೇಬಿನಲ್ಲಿ ಫೋನು ಅದುರಿತು.

ಹೆಂಡತಿ ಅಳುತ್ತಿದ್ದಳು. ಪುಟ್ಟಿ ಬಟ್ಟೆ ಜೋಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕಿರುಚಿಕೊಂಡಳಂತೆ. ಭುಜದಿಂದ ಮೊಣಕೈ ತನಕ ಚರ್ಮ ಸುಲಿದುಹೋಗಿದೆ, ಏನೂ ತಗುಲಿಲ್ಲ, ಬರೀ ನಿಂತಿದ್ದಳು.

ಡಾಕ್ಟರು ಸಾಣೆ ನಿಲ್ಲಿಸಿದರು. ಆದರೂ ಓದಿದ ತಲೆ ಅಷ್ಟು ಸುಲಭಕ್ಕೆ ಸೋಲುತ್ತದೆಯೇ? ಕಾಕತಾಳೀಯ ಎಂದುಕೊಂಡರು. ಪರೀಕ್ಷೆ ಮಾಡದೆ ಯಾವುದನ್ನೂ ನಂಬಬಾರದು ಎಂದುಕೊಂಡರು. ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಬ್ಬಿಣ ಉಜ್ಜುವ ಅರ ತೆಗೆದುಕೊಂಡು ಅಲಗಿನ ಬೆನ್ನ ಮೇಲೆ ಒಂದೇ ಒಂದು ಸಲ, ಮೆತ್ತಗೆ, ಎಳೆದರು.

ಫೋನಿನಲ್ಲಿ ಮಗಳ ಕಿರುಚಾಟ ಕೇಳಿಸಿತು. "ಅಪ್ಪಾ, ಬೆನ್ನು."

ಅರ ನೆಲಕ್ಕೆ ಬಿತ್ತು. ಆ ಒಂದು ಎಳೆತವನ್ನು ಡಾಕ್ಟರು ಇಂದಿಗೂ ತಮಗೆ ತಾವೇ ಕ್ಷಮಿಸಿಕೊಂಡಿಲ್ಲ.

ಕಮ್ಮಾರ ಬಂದು ನೋಡಿದ, ಅರ್ಥಮಾಡಿಕೊಂಡ. ಗೋಡೆಗೆ ಹನ್ನೆರಡನೆಯ ಮೊಳೆ ಹೊಡೆಯುತ್ತೇನೆ, ಇರುವ ತನಕ ಒರೆಸುತ್ತೇನೆ ಎಂದ. ಡಾಕ್ಟರು ಗೋಡೆಯ ಕಡೆ ನೋಡಿದರು. ಒಂದು ಅಲಗಿನ ಮೇಲೆ ಕಾಳಿನಷ್ಟು ತುಕ್ಕಿನ ಕಲೆಯಿತ್ತು. ಅದೇನೆಂದು ಕೇಳಿದರು.

"ನಾಲ್ಕು ದಿನ ಜ್ವರ ಬಂದು ಮಲಗಿದ್ದೆ, ಎಣ್ಣೆ ಸವರೋಕಾಗಲಿಲ್ಲ. ಅವರದೊಂದು ಕಣ್ಣು ಹೋಯ್ತು."

ಡಾಕ್ಟರು ಕಮ್ಮಾರನ ಕೈ ಹಿಡಿದುಕೊಂಡರು. ಬೇರೆ ದಾರಿಯೇ ಇಲ್ಲವೇ ಎಂದು ಗೋಗರೆದರು. ಒಂದಿತ್ತು. ಅಲಗನ್ನು ಮತ್ತೆ ಕಾಯಿಸಿ ಮತ್ತೆ ಅದ್ದಬೇಕು. ಆಗ ಎಣಿಸಿದರೆ ಕಟ್ಟು ಬಿಡುವುದಿಲ್ಲ, ಅವಳ ಜಾಗಕ್ಕೆ ಇನ್ನೊಂದು ಜೀವದ ಹೆಸರು ಕೊಡಬೇಕು. ಅಲಗು ಕಾಯುವಷ್ಟು ಹೊತ್ತು ಹುಡುಗಿಯ ಮೈಯೂ ಕಾಯುತ್ತದೆ, ಬೇಗ ಮುಗಿಸಬೇಕು. ಎರಡನೆಯ ಸಲ ಅದ್ದಿದ ಕಬ್ಬಿಣ ಬಿರುಕು ಬಿಡುವುದೂ ಉಂಟು, ಬಿಟ್ಟರೆ ಟಿಣ್ ಎಂದು ಸಣ್ಣ ಸದ್ದು ಬರುತ್ತದೆ.

"ಯಾರ ಹೆಸರು ಕೊಡ್ತೀರಿ, ಡಾಕ್ಟ್ರೇ?"

"ನನ್ನದು. ಇನ್ಯಾರದು?"

ಟೈಲರ್ ಫೋನು ಹಿಡಿದು ಬಾಗಿಲಲ್ಲಿ ನಿಂತ. ಬೇಕರಿಯವನು ಅಂಗಿಯ ತೋಳು ಮಡಚಿ ತಿದಿಯ ಮುಂದೆ ಕೂತ. ನೀನು ಧೈರ್ಯವಾಗಿರೋ ಮಾರಾಯ, ನಾನಿದ್ದೀನಿ ಎಂದ. ತಿದಿ ಉಸಿರೆಳೆಯಿತು, ಉಸಿರು ಬಿಟ್ಟಿತು. ಇದ್ದಿಲು ಕೆಂಡವಾಯಿತು. ಅಲಗು ಕಪ್ಪಗಿದ್ದದ್ದು ಕಂದಾಯಿತು.

"ಮೈ ಸುಡ್ತಾ ಇದೆಯಂತೆ," ಎಂದ ಟೈಲರ್.

ಕಂದು ಕೆಂಪಾಯಿತು. ಸಾಲದು ಎಂದ ಕಮ್ಮಾರ.

"ಕಣ್ಣು ಮೇಲೆ ಮಾಡಿದಾಳಂತೆ ಕಣೋ."

ಇನ್ನೂ ಸಾಲದು. ತಿದಿ ಜೋರಾಯಿತು. ಬೆವರು ಕಣ್ಣಿಗಿಳಿಯಿತು. ಉಪ್ಪು, ಉರಿ. ಫೋನಿನಲ್ಲಿ ಹೆಂಡತಿಯ ಕೂಗು. ಆಮೇಲೆ ಕೂಗೂ ಇಲ್ಲ.

"ಈಗ," ಎಂದ ಕಮ್ಮಾರ.

ಡಾಕ್ಟರು ಅಲಗು ಎತ್ತಿದರು. ತೊಟ್ಟಿಗೆ ಮೂರು ಹೆಜ್ಜೆ. ಒಂದನೆಯ ಹೆಜ್ಜೆ. ನನಗೇನಾದರೂ ಆದರೆ ಪುಟ್ಟಿಗೆ ಯಾರಿದ್ದಾರೆ? ಎರಡನೆಯ ಹೆಜ್ಜೆಗೆ ತಿದಿಯ ಮುಂದೆ ಕೂತವನ ಮುಖ ಕಣ್ಣಿಗೆ ಬಿತ್ತು. ಕೆಂಡದ ಬೆಳಕಿನಲ್ಲಿ ಕೆಂಪಗೆ, ದುಂಡಗೆ. ಇವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮೂರನೆಯ ಹೆಜ್ಜೆ. ತೊಟ್ಟಿ. ಅಲಗು ಇಳಿಯಿತು.

ಡಾಕ್ಟರು ತಮ್ಮ ಹೆಸರನ್ನು ಗೋಡೆ ಅದುರುವಂತೆ ಕೂಗಿದರು.

ಹೊಗೆ ಎದ್ದಿತು. ಹೊಗೆಯೊಳಗಿಂದ ಟಿಣ್ ಎಂದು ಸಣ್ಣ ಸದ್ದು ಬಂತು.

"ಜ್ವರ ಬಿಟ್ಟಿತಂತೆ," ಎಂದು ಟೈಲರ್ ಅಲ್ಲೇ ಅತ್ತುಬಿಟ್ಟ. "ನೀರು ಕೇಳಿದಳಂತೆ."

ಡಾಕ್ಟರು ತೊಟ್ಟಿಯ ಅಂಚು ಹಿಡಿದು ನಿಂತು, ತಮ್ಮ ಎದೆಯಲ್ಲಿ ಏಳಬೇಕಾದ ನೋವಿಗಾಗಿ ಕಾದರು. ಏಳಲಿಲ್ಲ. ಕಮ್ಮಾರ ಅಲಗನ್ನು ಹೊರತೆಗೆದು ಬಾಗಿಲ ಬೆಳಕಿಗೆ ಹಿಡಿದ. ಹಿಡಿ ಕೂಡಿಸುವ ಜಾಗದ ಹತ್ತಿರ ಕೂದಲೆಳೆಯಂಥ ಬಿರುಕು. ಅದರ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತಿದ.

ಹಿಂದಿನಿಂದ ಬೇಕರಿಯವನು ಕೆಮ್ಮಿದ. ಎದೆ ನೀವಿಕೊಳ್ಳುತ್ತ, ಈ ಹಾಳು ಹೊಗೆ ಎಂದ.

ಕಮ್ಮಾರ ಡಾಕ್ಟರನ್ನು ನೋಡಿದ. ಬಾಯಲ್ಲೂ, ಮನಸ್ಸಲ್ಲೂ ಎಂದು ಹೇಳಿದ್ದೆನಲ್ಲ ಎಂಬುದು ಆ ನೋಟದಲ್ಲೇ ಇತ್ತು. ಸುತ್ತಿಗೆ ತೆಗೆದುಕೊಂಡು ಹೋಗಿ ಹನ್ನೆರಡನೆಯ ಮೊಳೆ ಹೊಡೆದ. ಬೇಕರಿಯವನು ಮಾತ್ರ ಎದ್ದು ಬಂದು ಡಾಕ್ಟರನ್ನು ಬಿಗಿಯಾಗಿ ತಬ್ಬಿಕೊಂಡ. ಮಗಳಿಗಾಗಿ ನಿನ್ನ ಜೀವವನ್ನೇ ಕೊಟ್ಟೆಯಲ್ಲೋ, ಅಪ್ಪ ಎಂದರೆ ನೀನು ಎಂದ. ಆ ತೋಳುಗಳ ಒಳಗಿಂದ ಡಾಕ್ಟರು ಗೋಡೆಯ ಹನ್ನೆರಡನೆಯ ಮೊಳೆಯನ್ನೇ ನೋಡಿದರು.

ಈಗ ಪ್ರತಿ ಶನಿವಾರ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿ ಅಲ್ಲಿಗೆ ಹೋಗುತ್ತಾರೆ. ಒಬ್ಬರೇ ಹೋಗಲು ಬೇಕರಿಯವನು ಬಿಡುವುದಿಲ್ಲ. ಬಿಸಿ ಬನ್ನು ಕಟ್ಟಿಸಿಕೊಂಡು ಅವನೂ ಹೊರಡುತ್ತಾನೆ. ಮಾಟಗೀಟ ಎಂದು ನಗುತ್ತಿದ್ದವನು ಈಗ ಹನ್ನೆರಡನೆಯ ಅಲಗನ್ನು ತಾನೇ ಮೊಳೆಯಿಂದ ಇಳಿಸಿ, ನಿನ್ನ ಜೀವ ಕಣೋ, ನನ್ನ ಕೈಯಲ್ಲಿ ಕೊಡು ಎಂದು ಮಡಿಲಲ್ಲಿಟ್ಟುಕೊಂಡು ಎಣ್ಣೆ ಸವರುತ್ತಾನೆ. ಡಾಕ್ಟರು ಪಕ್ಕದಲ್ಲಿ ಕೂತು ಸುಮ್ಮನೆ ಒಂದು, ಎರಡು ಎಂದು ಎಣಿಸುತ್ತಾರೆ.

ಹೋದ ಶನಿವಾರ ಅವನು ಅಲಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಬಿರುಕು ಉದ್ದ ಆಗಿದೆ ಕಣೋ," ಎಂದ. "ನಿಜ ಹೇಳು, ನಿನಗೇನೂ ಆಗ್ತಾ ಇಲ್ಲ ತಾನೇ?"

ಅವನ ಎಡಗೈ ತನ್ನ ಎದೆಯನ್ನೇ ಒತ್ತಿ ಹಿಡಿದುಕೊಂಡಿತ್ತು. ಅದು ಅವನ ಗಮನಕ್ಕೇ ಬಂದಂತಿರಲಿಲ್ಲ.

"ಏನೂ ಇಲ್ಲ," ಎಂದರು ಡಾಕ್ಟರು. "ನಾನು ಚೆನ್ನಾಗಿದ್ದೀನಿ."