ಹನ್ನೊಂದು ಸೆಕೆಂಡಿನ ಸಮತಟ್ಟು

ಮರ ಕಡಿಯುವ ಯಂತ್ರದ ಡ್ರೈವರ್ ಸೋಮವಾರ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ.

"ಮೇಡಂ, ನೀಲಿ ರಿಬ್ಬನ್ ಕಟ್ಟಿರೋ ಮರ ಎಲ್ಲ ಕಡೀಬೇಕು ತಾನೆ?"

"ಹೌದು. ಯಾಕೆ?"

"ಏನಿಲ್ಲ. ಈ ಸಲ ಗುಡ್ಡದ ತುದಿಯಿಂದ ಅರ್ಧದ ತನಕ ಹಾವು ಹರಿದ ಹಾಗೆ ಕಟ್ಟಿದ್ದೀರಿ. ನಿಮಗೆ ಹುಷಾರಿಲ್ವೇನೋ ಅಂತ ಕೇಳಿದೆ, ಅಷ್ಟೆ."

ಫಾರೆಸ್ಟರ್ ಹುಷಾರಾಗಿಯೇ ಇದ್ದಳು. ಮರ ನೆಟ್ಟು, ಬೆಳೆಸಿ, ಕಡಿದು, ಮತ್ತೆ ನೆಡುವ ಆ ಗುಡ್ಡಕ್ಕೆ, ಜಮೀನಿನ ಮಾಲೀಕರ ಪರವಾಗಿ, ಅವಳು ಹನ್ನೊಂದು ವರ್ಷಗಳಿಂದ ಯಜಮಾನಿ. ಅವಳ ಆಡಳಿತದಲ್ಲಿ ಇದ್ದದ್ದೇ ಎರಡು ಮಾತು. ನೀಲಿ ರಿಬ್ಬನ್ ಎಂದರೆ ಕಡಿ. ಬಿಳಿ ರಿಬ್ಬನ್ ಎಂದರೆ ಮುಟ್ಟಬೇಡ. ಮರಗಳಾಗಲಿ ಡ್ರೈವರ್‌ಗಳಾಗಲಿ ಇದಕ್ಕೆ ಎದುರಾಡಿದ್ದಿಲ್ಲ.

"ಯಂತ್ರ ಆಫ್ ಮಾಡಿ. ಬಂದೆ," ಎಂದು ಜೀಪ್ ಹತ್ತಿದಳು.

ಗುಡ್ಡದ ಅರ್ಧದಲ್ಲಿ ಒಬ್ಬ ಮನುಷ್ಯ ಅರವತ್ತನಾಲ್ಕನೆಯ ಮರಕ್ಕೆ ನೀಲಿ ರಿಬ್ಬನ್ ಕಟ್ಟುತ್ತಿದ್ದ. ಅಚ್ಚುಕಟ್ಟಾದ ಗಂಟು. ಬಾಯಲ್ಲಿ ಕತ್ತರಿ. ಪಕ್ಕದಲ್ಲಿ ಮೈಯೆಲ್ಲ ಕೆಸರಾದ ಸೈಕಲ್.

"ಯಾರ್ರೀ ನಿಮಗೆ ನೀಲಿ ಕಟ್ಟೋಕೆ ಹೇಳಿದ್ದು?"

ಅವನು ಕತ್ತರಿ ತೆಗೆದ. "ಅಂಗಡಿಯವನು. ಕಿತ್ತಳೆ ಖಾಲಿ ಅಂದ. ಯಾವ ಬಣ್ಣ ಆದ್ರೇನು ಅಂತ ತಗೊಂಡೆ."

"ಇನ್ನು ಹತ್ತು ನಿಮಿಷ ತಡ ಆಗಿದ್ರೆ ನಿಮ್ಮ ಸೈಕಲ್ ದಾರೀಲಿ ಒಂದು ಮರವೂ ಇರ್ತಿರಲಿಲ್ಲ. ಇಲ್ಲಿ ನೀಲಿ ಅಂದ್ರೆ ಕಡಿಯೋದು!"

ಅವನು ತಲೆಯೆತ್ತಿ ಗುಡ್ಡದ ಮೇಲೆ ನೋಡಿದ, ಕೆಳಗೆ ನೋಡಿದ. ಮುಖದ ಬಣ್ಣ ಇಳಿಯಿತು. ಆದರೂ ಹೇಳಿದ: "ದಾರಿ ಮಾತ್ರ ಒಳ್ಳೆ ಅಗಲ ಆಗ್ತಿತ್ತು."

ನಗಬಾರದೆಂದು ಅವಳು ತೀರ್ಮಾನಿಸಿದಳು. ಜೀಪ್ ತಲುಪುವ ತನಕ ಆ ತೀರ್ಮಾನ ಉಳಿಯಿತು.

ಅವನು ಕಸುಬಿನಲ್ಲಿ ಪ್ಲಂಬರ್. ಗುಡ್ಡದಲ್ಲಿ ಸೈಕಲ್ ಇಳಿಸುವ ದಾರಿ ಮಾಡಿಕೊಳ್ಳಲು ಅನುಮತಿ ಪಡೆದಿದ್ದ ಇಪ್ಪತ್ತೆರಡು ಜನರಲ್ಲಿ ಒಬ್ಬ. ಭಾನುವಾರ ಬಂತೆಂದರೆ ಅವರೆಲ್ಲ ಗುದ್ದಲಿ, ಸಲಿಕೆ ಹೊತ್ತು ಬಂದು, ಸಂಬಳವಿಲ್ಲದೆ, ಸಂಬಳಕ್ಕೆ ಯಾರೂ ಮಾಡದಷ್ಟು ದುಡಿಯುತ್ತಿದ್ದರು. ಅವರ ಮುಂದಾಳು ಪ್ಲಂಬರ್‌ನ ಸ್ವಂತ ಅಕ್ಕ. ಶಾಲೆಯಲ್ಲಿ ಗಣಿತ ಕಲಿಸುವವಳು. ಆದ್ದರಿಂದ ಗುದ್ದಲಿ ಹಿಡಿದ ದೊಡ್ಡವರೂ ಅವಳ ಮುಂದೆ ಸಾಲಾಗಿ ನಿಲ್ಲುತ್ತಿದ್ದರು.

ಆ ಸೋಮವಾರ ಪ್ಲಂಬರ್, ಫಾರೆಸ್ಟರ್ ಇಬ್ಬರೂ ಸೇರಿ ಅರವತ್ತನಾಲ್ಕು ರಿಬ್ಬನ್ ಬಿಚ್ಚಿದರು. ಫಾರೆಸ್ಟರ್ ಅನುಮತಿ ಪತ್ರಕ್ಕೆ ಒಂಬತ್ತನೆಯ ಷರತ್ತು ಸೇರಿಸಿದಳು: ಇನ್ನು ಮುಂದೆ ಕಿತ್ತಳೆ ಬಣ್ಣ ಮಾತ್ರ, ದಾರಿ ಮುಗಿಯುವ ತನಕ ಪ್ರತಿ ಶನಿವಾರ ರಿಬ್ಬನ್ ಕಟ್ಟಿದವರೇ ಬಂದು, ಮರುದಿನ ಅಗೆಯುವ ಜಾಗವನ್ನು ಖುದ್ದಾಗಿ ತೋರಿಸತಕ್ಕದ್ದು.

ಸರ್ಕಾರಿ ಧಾಟಿಯ ಒಂದು ವಾಕ್ಯದಿಂದ ಇಷ್ಟೊಂದು ಶನಿವಾರಗಳು ಹುಟ್ಟುತ್ತವೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಅವನು ಬರುತ್ತಿದ್ದ. ಗುಡ್ಡದ ನಡುವಿನ ಅವಳ ಒಂದೇ ಕೋಣೆಯ ಮರದ ಆಫೀಸಿನ ಗೋಡೆಗೆ ಸೈಕಲ್ ಒರಗಿಸುತ್ತಿದ್ದ. ಇಬ್ಬರೂ ನಡೆಯುತ್ತಿದ್ದರು. ಅವಳು ಬೇರು ನೋಡುತ್ತಿದ್ದಳು, ಅವನು ನೀರು ಹೋಗುವ ಜಾಡು ನೋಡುತ್ತಿದ್ದ. ಮಳೆ ಬಂದ ದಿನ ಉಳಿದವರು ಮನೆ ಸೇರಿದರೆ ಇವನು ಕೋಟು ಹಾಕಿಕೊಂಡು ಗುಡ್ಡಕ್ಕೆ ಬಂದು, ಯಾರದೋ ಮದುವೆ ಮೆರವಣಿಗೆ ನೋಡುವವನ ಹಾಗೆ ನಿಂತು ನೀರು ಹರಿಯುವುದನ್ನು ನೋಡುತ್ತಿದ್ದ.

"ನೀರಿಗೆ ಬುದ್ಧಿ ಹೇಳೋಕಾಗಲ್ಲ ಮೇಡಂ," ಎನ್ನುತ್ತಿದ್ದ. "ದಾರಿ ಬಿಡಬೇಕು, ಅಷ್ಟೆ. ನಿಲ್ಲಿಸಿದ್ರೆ ಅದು ನಿಂತ ಜಾಗಾನೇ ತಿನ್ನುತ್ತೆ."

ಮೊದಲ ಶನಿವಾರ ಅವಳ ಆಫೀಸಿನ ಸೋರುವ ನಲ್ಲಿ ಸರಿಮಾಡಿದ. ಎರಡನೆಯದಕ್ಕೆ ಸಿಂಕು. ಆ ಆಫೀಸಿನಲ್ಲಿದ್ದದ್ದೇ ಒಂದು ನಲ್ಲಿ, ಒಂದು ಸಿಂಕು. ಐದನೆಯ ಶನಿವಾರದ ಹೊತ್ತಿಗೆ ಯಾವ ಕಾಯಿಲೆಯೂ ಇಲ್ಲದ ನಲ್ಲಿಯನ್ನು ಟಾರ್ಚ್ ಹಿಡಿದು ಪರೀಕ್ಷಿಸುತ್ತಿದ್ದ.

"ಏನಾಗಿದೆ ಅದಕ್ಕೆ?" ಎಂದು ಕೇಳಿದಳು.

"ಏನೂ ಆಗಿಲ್ಲ. ಆಗಬಾರದು ಅಂತ ನೋಡ್ತಿದ್ದೀನಿ."

ಅವಳು ಕಿಟಕಿಯತ್ತ ತಿರುಗಿದಳು. ಗಾಜಿನಲ್ಲಿ ಅವನು ಅವಳ ಬೆನ್ನನ್ನು ನೋಡುತ್ತಿರುವುದು ಕಾಣಿಸಿತು. ಅವಳು ಗಾಜಿನಲ್ಲಿ ನೋಡುತ್ತಿರುವುದು ಅವನಿಗೂ ಕಾಣಿಸಿತು. ಅವನು ಟಾರ್ಚ್ ಆರಿಸುವುದನ್ನು ಮರೆತು ಜೇಬಿಗೆ ಹಾಕಿಕೊಂಡ. ದಿನವಿಡೀ ಅವನ ಪ್ಯಾಂಟಿನ ಜೇಬು ಬೆಳಗುತ್ತಿತ್ತು. ಅವಳು ಹೇಳಲಿಲ್ಲ.

ಹೀಗೆ ದಾರಿ ಅವಳ ಆಫೀಸಿನ ತನಕ ಇಳಿದು ಬಂತು. ಆಮೇಲೆ ಅದು ಇಳಿಯಲಿಲ್ಲ. ಕಿತ್ತಳೆ ರಿಬ್ಬನ್‌ಗಳು ಆಫೀಸಿನ ಕಿಟಕಿಯ ಮುಂದೆ ಅರವತ್ತು ಮೀಟರ್ ಸಪಾಟಾಗಿ ಹೋಗಿ, ಆಮೇಲೆ ಎಚ್ಚರವಾದವರಂತೆ ಮತ್ತೆ ಗುಡ್ಡ ಇಳಿದವು.

"ಇಲ್ಲೇನು ಇಷ್ಟು ಸಮತಟ್ಟು?" ಎಂದು ಅವಳು ಕೇಳಿದ್ದಳು.

"ಅಕ್ಕನಿಗೆ ಮಂಡಿ ನೋವು. ನಡುವೆ ಒಂದು ಸುಧಾರಿಸಿಕೊಳ್ಳೋ ಜಾಗ ಇರಲಿ ಅಂತ."

ಅವಳು ಒಪ್ಪಿದ್ದಳು. ಇಳಿಜಾರು ಅಳೆಯುವ ಪುಟ್ಟ ಯಂತ್ರ ಆ ದಿನ ಡ್ರಾಯರಿನಲ್ಲೇ ಉಳಿದಿತ್ತು. ಯಾಕೆ ಉಳಿಯಿತೆಂದು ತನ್ನನ್ನು ತಾನು ಕೇಳಿಕೊಳ್ಳುವಷ್ಟು ದಡ್ಡಿ ಅವಳಲ್ಲ.

ದಾರಿ ಮುಗಿಯಿತು. ಇನ್ನು ಅವಳ ತಪಾಸಣೆ, ಅವಳ ರುಜು. ಅದರ ಹಿಂದಿನ ಭಾನುವಾರ ಅಕ್ಕ ಫ್ಲಾಸ್ಕ್ ಹಿಡಿದು ಆಫೀಸಿಗೆ ಬಂದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಎಲ್ಲ ಚೆನ್ನಾಗಿದೆ. ನೀವು ಹಟ ಹಿಡಿದು ಇಲ್ಲಿ ಅರವತ್ತು ಮೀಟರ್ ಸಪಾಟು ಮಾಡಿಸಿದ್ರಲ್ಲ, ಅದೊಂದು ಬಿಟ್ಟುಕೊಡಿ. ಗುಡ್ಡ ಇಳಿಯೋ ಖುಷೀಲಿ ಬಂದವರು ಇಲ್ಲಿ ತಿಣುಕಿ ಪೆಡಲ್ ತುಳೀಬೇಕು. ಎಲ್ಲರೂ ಬೈತಿದ್ದಾರೆ."

"ನಾನು ಮಾಡಿಸಿದ್ದಾ?"

"ನಿಮ್ಮ ಕಂಡೀಷನ್ ಅಂದನಲ್ಲ ಇವನು. ಬೇರಿಗೆ ಪೆಟ್ಟಾಗುತ್ತೆ ಅಂತ ಮೇಡಂ ಹೇಳಿದ್ರು ಅಂದ."

"ನನಗೆ ಹೇಳಿದ್ದು ನಿಮ್ಮ ಮಂಡಿ ನೋವು ಅಂತ."

"ನನ್ನ ಮಂಡಿಗೇನಾಗಿದೆ? ಕಲ್ಲಿನ ಹಾಗಿದೆ!"

ಅಕ್ಕ ಲೋಟ ಕೆಳಗಿಟ್ಟು, ಫಾರೆಸ್ಟರ್ ಕೂತ ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಹೊರಗಿನ ಸಪಾಟಿಗೆ ಗಣಿತದವರ ಕಣ್ಣಿನಲ್ಲಿ ಒಂದು ಗೆರೆ ಎಳೆದಳು. ಲೆಕ್ಕ ಸರಿಯಾಗಿ ಬಂತು.

"ಅಯ್ಯೋ ಇವನ!" ಎಂದಳು. "ಎಂಟು ಭಾನುವಾರ ಅಗೆಸಿದ್ದಾನೆ ಮೇಡಂ, ನನ್ನ ಕೈಲಿ! ಬಾಯಿಬಿಟ್ಟು ಹೇಳೋಕೆ ಎಂಟು ನಿಮಿಷ ಸಾಕಿತ್ತು."

ಫಾರೆಸ್ಟರ್ ಆ ವಾರವೆಲ್ಲ ತಪಾಸಣೆಯ ಕಾಗದವನ್ನು ತೆರೆಯುತ್ತ ಮುಚ್ಚುತ್ತ ಕಳೆದಳು. ರುಜು ಹಾಕಿದರೆ ಸಪಾಟಿನಲ್ಲಿ ನೀರು ನಿಂತು ಎರಡು ಮಳೆಗಾಲದಲ್ಲಿ ದಾರಿ ಕುಸಿಯುತ್ತದೆ. ಕುಸಿದರೆ ಜಮೀನಿನ ಮಾಲೀಕರು ಗುಡ್ಡವನ್ನೇ ಮುಚ್ಚುತ್ತಾರೆ. ಇಪ್ಪತ್ತೆರಡು ಜನರ ಬೆವರು ಮಣ್ಣುಪಾಲು. ರುಜು ಹಾಕದಿದ್ದರೆ ದಾರಿ ಇನ್ನೂರು ಮೀಟರ್ ಆಚೆಯ ಕಡಿದಾದ ಇಳಿಜಾರಿಗೆ ಸರಿಯಬೇಕು. ಅಲ್ಲಿಂದ ಕಿಟಕಿಯೂ ಕಾಣದು. ಏನೇ ಮಾಡಿದರೂ ಒಂಬತ್ತನೆಯ ಷರತ್ತು ಮುಗಿಯುತ್ತದೆ, ಶನಿವಾರಗಳೂ.

ಶನಿವಾರ ಅವನು ಬಂದ. ಹಿಂದಿನ ದಿನ ಮಳೆಯಾಗಿತ್ತು. ಸಪಾಟಿನ ಉದ್ದಕ್ಕೂ ನೀರು ನಿಂತಿತ್ತು. ಅವಳು ಈ ಸಲ ಡ್ರಾಯರಿನಿಂದ ಯಂತ್ರ ತಂದು, ಕಣ್ಣಿಗೆ ಹಿಡಿದು ನೋಡಿದಳು.

"ಸೊನ್ನೆ," ಎಂದಳು. "ಇಳಿಜಾರು ಸೊನ್ನೆ. ನೀರಿನ ವಿಷಯ ನನಗೆ ಕಲಿಸಿದವರೇ ನೀವು. ಇಲ್ಲಿ ನಿಲ್ಲುತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಅಕ್ಕನ ಮಂಡಿ ಹೇಗಿದೆ?"

ಅವನು ನೀರನ್ನು ನೋಡಿದ. ಕಿವಿ ಕೆಂಪಾದವು. "ಬಂದಿದ್ಲಾ?"

"ಫ್ಲಾಸ್ಕ್ ಸಮೇತ."

ಅವನು ಬೂಟಿನ ತುದಿಯಿಂದ ಕೆಸರು ಗೀರಿ, ನಿಂತ ನೀರಿಗೆ ಒಂದು ಪುಟ್ಟ ದಾರಿ ಮಾಡಿದ.

"ಇಳಿಜಾರಿನಲ್ಲಿ ಸೈಕಲ್ ನಿಲ್ಲಲ್ಲ ಮೇಡಂ," ಎಂದ, ಕೊನೆಗೆ. "ತುದಿಯಿಂದ ಬುಡಕ್ಕೆ ಏಳು ನಿಮಿಷ. ನಿಮ್ಮ ಕಿಟಕಿ ಬಂತು ಅನ್ನೋಷ್ಟರಲ್ಲಿ ಹೋಗಿರುತ್ತೆ. ದಾರಿ ಮುಗಿದ ಮೇಲೆ ನಾನು ಇಲ್ಲಿಗೆ ಬರೋಕೆ ಬೇರೆ ಕಾರಣ ಏನಿರುತ್ತೆ? ನಿಮ್ಮ ನಲ್ಲಿ ಬೇರೆ ಸೋರಲ್ಲ. ಅದಕ್ಕೆ ಸಪಾಟು ಮಾಡಿದೆ. ವಾಚ್ ಇಟ್ಟು ನೋಡಿದ್ದೀನಿ. ಹನ್ನೊಂದು ಸೆಕೆಂಡ್ ಸಿಗುತ್ತೆ."

"ಏನು ಸಿಗುತ್ತೆ?"

"ನೀವು."

ಹನ್ನೊಂದು ಸೆಕೆಂಡು ಎಷ್ಟು ಉದ್ದವೆಂದು ಅವಳಿಗೆ ಆಗ ಅರ್ಥವಾಯಿತು. ಯಾಕೆಂದರೆ ಅಷ್ಟು ಹೊತ್ತು ಅವಳು ಏನೂ ಹೇಳಲಿಲ್ಲ, ಅವನು ಉಸಿರೂ ಬಿಡಲಿಲ್ಲ.

ಆಮೇಲೆ ಅವಳು ಕಾಗದ ತೆಗೆದು ಬರೆದಳು. ಬರೆಯುತ್ತಲೇ ಓದಿದಳು: "ಆಫೀಸಿನ ಮುಂದಿನ ಅರವತ್ತು ಮೀಟರ್ ತಿರಸ್ಕೃತ. ದಾರಿಯನ್ನು ಆಚೆ ಇಳಿಜಾರಿಗೆ ಸರಿಸತಕ್ಕದ್ದು."

ಅವನು ತಲೆಯಾಡಿಸಿದ. "ಸರಿ. ನ್ಯಾಯ. ನಾನಾಗಿದ್ರೂ ಅದನ್ನೇ ಬರೀತಿದ್ದೆ." ಸೈಕಲ್‌ಗೆ ಕೈಹಾಕಿದ.

"ನಿಲ್ಲಿ, ಪೂರ್ತಿ ಆಗಿಲ್ಲ. 'ತಿರಸ್ಕೃತ ಭಾಗವನ್ನು ಮುಚ್ಚದೆ, ನೀರು ಹೋಗಲು ಕಾಲುವೆ ಮಾಡಿ, ಕಾಲುದಾರಿಯಾಗಿ ಉಳಿಸಿಕೊಳ್ಳತಕ್ಕದ್ದು. ನಡೆಯುವವರಿಗೆ ಮಾತ್ರ. ಕಾಲುವೆ ಮಾಡಿದವರೇ ಪ್ರತಿ ಶನಿವಾರ ಬಂದು ನೋಡಿಕೊಳ್ಳತಕ್ಕದ್ದು.'"

"ಎಷ್ಟು ವರ್ಷ?"

"ಅವಧಿ ಬರೆದಿಲ್ಲ."

"ಬರೀಬೇಕಲ್ವಾ?"

"ಬೇಡ," ಎಂದಳು ಅವಳು. "ಇಷ್ಟು ದಿನ ಹೇಳೋಕೆ ಏನು ಕಷ್ಟ ಆಗಿತ್ತು ನಿಮಗೆ? ಒಂದು ಗುಡ್ಡಾನೇ ಸಪಾಟು ಮಾಡಿದ್ರಿ, ಒಂದು ಮಾತು ಆಡಲಿಲ್ಲ."

"ನೀವೂ ಆಡಲಿಲ್ಲ."

"ನಾನು ಷರತ್ತು ಬರೆದೆನಲ್ಲ!"

ಅವನು ನಕ್ಕ. ಅವಳೂ ನಕ್ಕಳು. ಈ ಸಲ ಜೀಪ್ ತಲುಪುವ ತನಕ ಕಾಯಲಿಲ್ಲ. ಅವನ ಕೆಸರುಗೈ ಅವಳ ಕೈಯ ಹತ್ತಿರ ಬಂದು ಅನುಮತಿ ಕೇಳುವಂತೆ ನಿಂತಿತು. ಅನುಮತಿ ಸಿಕ್ಕಿತು.

ಅಷ್ಟರಲ್ಲಿ ಅಕ್ಕನ ಫೋನ್. "ಹೇಳಿದ್ನಾ ಮೇಡಂ? ಹೇಳಿದ್ರೆ ಇಬ್ಬರೂ ಊಟಕ್ಕೆ ಬನ್ನಿ. ಇಲ್ಲಾಂದ್ರೆ ನೀವೊಬ್ರೇ ಬನ್ನಿ."

ಇಬ್ಬರೂ ಜೀಪಿನಲ್ಲಿ ಹೋದರು. ಸೈಕಲ್ ಗೋಡೆಗೆ ಒರಗಿಯೇ ಉಳಿಯಿತು. ಹೊರಡುವ ಮುಂಚೆ ಅವಳು ಜೇಬಿನಿಂದ ಏನೋ ತೆಗೆದು ಅದರ ಹ್ಯಾಂಡಲ್‌ಗೆ ಕಟ್ಟಿದಳು, ಅವನಷ್ಟು ಅಚ್ಚುಕಟ್ಟಾಗಿ ಅಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಡ್ರೈವರ್ ಫೋನ್ ಮಾಡಿದ.

"ಮೇಡಂ, ನಿಮ್ಮ ಆಫೀಸಿನ ಹತ್ರ ಯಂತ್ರ ತಿರುಗಿಸಬೇಕು. ಗೋಡೆ ಪಕ್ಕ ಒಂದು ಕೆಸರು ಸೈಕಲ್ ಇದೆ. ಅದಕ್ಕೆ ಬಿಳಿ ರಿಬ್ಬನ್ ಕಟ್ಟಿದೆ."

"ಬಿಳಿ ಅಂದ್ರೆ ಏನು?"

"ಮುಟ್ಟಬಾರದು. ನಿಮ್ಮದು, ಇಲ್ಲೇ ಇರಬೇಕು ಅಂತ."

"ಮತ್ತೇನು ಕೇಳ್ತೀರಿ?"

ಡ್ರೈವರ್ ಒಂದು ಕ್ಷಣ ಯೋಚಿಸಿದ. "ಏನಿಲ್ಲ ಮೇಡಂ," ಎಂದ. "ಈ ಸಲ ಹುಷಾರಾಗಿದ್ದೀರಿ ಅಂತ ಗೊತ್ತಾಯ್ತು."